ಕಾಯುವ ನಷ್ಟ ಯಾರ ತಲೆಗೆ?

2022ರ ನವೆಂಬರ್ 24ರಂದು ‘ಕಾಂತಾರ’ ಅಮೆಜಾನ್ ಪ್ರೈಮ್‌ಗೆ ಬಂತು. ಚಿತ್ರಮಂದಿರದಲ್ಲಿ ಎರಡು ಮೂರು ಸಲ ನೋಡಿದ್ದವರೂ ಮನೆಮಂದಿಯನ್ನು ಕೂರಿಸಿಕೊಂಡು ಮತ್ತೆ ಹಾಕಿದರು. ಕ್ಲೈಮ್ಯಾಕ್ಸ್ ಬಂದಾಗ ಹಲವರಿಗೆ ಏನೋ ತಪ್ಪಿದಂತೆ ಅನಿಸಿತು. ‘ವರಾಹ ರೂಪಂ’ ಹಾಡಿನ ಸಾಹಿತ್ಯ ಅದೇ ಇತ್ತು, ಧಾಟಿ ಮಾತ್ರ ಬೇರೆ. ಸಾಮಾಜಿಕ ಜಾಲತಾಣಗಳಲ್ಲಿ ಆ ದಿನವಿಡೀ ಅದೇ ಗೊಣಗಾಟ.

ಸಂಗೀತ ನಿರ್ದೇಶಕ ಬಿ. ಅಜನೀಶ್ ಲೋಕನಾಥ್ ಅವರು ಮನಸ್ಸು ಬದಲಿಸಿದ್ದರಿಂದ ಹೀಗಾದದ್ದಲ್ಲ. ಈ ಹಾಡು ತಮ್ಮ ‘ನವರಸಂ’ನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕಲ್ಲಿಕೋಟೆಯ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಅಕ್ಟೋಬರ್ ಕೊನೆಯ ಹೊತ್ತಿಗೆ ಆದೇಶ ಬಂತು: ತಂಡದ ಅನುಮತಿಯಿಲ್ಲದೆ ಹಾಡನ್ನು ಚಿತ್ರಮಂದಿರದಲ್ಲಾಗಲಿ ಜಾಲದಲ್ಲಾಗಲಿ ಬಳಸುವಂತಿಲ್ಲ. ಪಾಲಕ್ಕಾಡಿನ ನ್ಯಾಯಾಲಯದಿಂದಲೂ ಅಂಥದ್ದೇ ಆದೇಶವಾಯಿತು. ಯೂಟ್ಯೂಬ್‌ನಿಂದ ಹಾಡು ಮಾಯವಾಯಿತು. ಚಿತ್ರ ಒಟಿಟಿಗೆ ಬಂದ ಮರುದಿನವೇ ಕಲ್ಲಿಕೋಟೆಯ ನ್ಯಾಯಾಲಯ, ಈ ದಾವೆ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ವಾದಪತ್ರವನ್ನು ವಾಪಸು ಕೊಟ್ಟಿತು. ಡಿಸೆಂಬರ್ ಮೊದಲ ವಾರದಲ್ಲಿ ಪಾಲಕ್ಕಾಡಿನ ಆದೇಶವೂ ತೆರವಾಗಿ ಹಳೆಯ ಧಾಟಿ ಮರಳಿತು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಇದೇ ವಿಷಯದ ಕ್ರಿಮಿನಲ್ ದೂರಿನಲ್ಲಿ ನಿರೀಕ್ಷಣಾ ಜಾಮೀನು ಕೊಡುವಾಗ ಕೇರಳ ಹೈಕೋರ್ಟ್ 2023ರ ಫೆಬ್ರುವರಿಯಲ್ಲಿ ಒಂದು ಷರತ್ತು ಸೇರಿಸಿತು: ಸಿವಿಲ್ ನ್ಯಾಯಾಲಯ ಆದೇಶ ಮಾಡುವವರೆಗೆ ಈ ಹಾಡಿನೊಂದಿಗೆ ಚಿತ್ರ ತೋರಿಸಬಾರದು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತಿಗೆ ತಡೆ ಕೊಟ್ಟಿತು. ಬಂಧನದ ಭಯ ಹೋಗಲಾಡಿಸಲು ಇರುವ ಜಾಮೀನನ್ನು ಕೃತಿಸ್ವಾಮ್ಯ ಕಾಯುವ ಬೇಲಿಯಾಗಿ ಬಳಸಿದರೆ ಅದು ಹಿಂಬಾಗಿಲಿನ ತಡೆಯಾಜ್ಞೆಯೇ ಸರಿ.

ಇಷ್ಟೆಲ್ಲ ನಡೆದಾಗ ಹಾಡು ಸ್ವಂತದ್ದೋ ನಕಲೋ ಎಂಬುದನ್ನು ಯಾವ ನ್ಯಾಯಾಲಯವೂ ತೀರ್ಮಾನಿಸಿರಲಿಲ್ಲ. ಒಬ್ಬ ಸಾಕ್ಷಿಯೂ ಕಟಕಟೆ ಹತ್ತಿರಲಿಲ್ಲ. ಆದರೂ ಸಿನಿಮಾ ವ್ಯಾಪಾರದ ಲೆಕ್ಕದಲ್ಲಿ ಅತಿ ಬೆಲೆಯುಳ್ಳ ಕೆಲವು ವಾರಗಳು ಆ ಮಧ್ಯಂತರ ಆದೇಶಗಳ ಅಡಿಯಲ್ಲಿ ಕಳೆದುಹೋದವು. ಆದೇಶ ಸಿಗದೇ ಹೋಗಿದ್ದರೆ ಮಲಯಾಳಿ ತಂಡವೂ ಇದೇ ಮಾತು ಹೇಳುತ್ತಿತ್ತು: ನಿಜ ಹೊರಬರುವಷ್ಟರಲ್ಲಿ ಹಾಡು ಲೋಕವೆಲ್ಲ ಸುತ್ತಿ ಮುಗಿದಿರುತ್ತದೆ, ಆಮೇಲೆ ಗೆದ್ದು ಏನು ಮಾಡಲಿ? ಎರಡೂ ಕಡೆಯ ಅಳಲು ನಿಜ. ತೀರ್ಪಿಗೆ ಕಾಯಲೇಬೇಕು, ಕಾಯುವಾಗ ಯಾರಿಗಾದರೂ ನಷ್ಟ ಆಗಿಯೇ ತೀರುತ್ತದೆ. ಆ ನಷ್ಟವನ್ನು ಯಾರ ತಲೆಗೆ ಕಟ್ಟಬೇಕು? ತಡೆಯಾಜ್ಞೆಯ ಕಾನೂನೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದಿದೆ ಎಂಬುದು ಈ ಉಪನ್ಯಾಸದ ನಿಲುವು.

ಕಾನೂನಿನ ಚೌಕಟ್ಟು ಪುಸ್ತಕದಲ್ಲಿ ಹೆಚ್ಚು ಜಾಗ ಹಿಡಿಯುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಡುವ ತಾತ್ಕಾಲಿಕ ತಡೆಯಾಜ್ಞೆಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ ಆಧಾರ. ದಾವೆ ಮುಗಿದ ಮೇಲೆ ತೀರ್ಪಿನ ಭಾಗವಾಗಿ ಕೊಡುವ ಶಾಶ್ವತ ತಡೆಯಾಜ್ಞೆಗೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ ಆಧಾರ. ಅದರ 38ನೇ ಕಲಂ ಮಾಡಬೇಡ ಎನ್ನುವ ಆಜ್ಞೆಗೆ, 39ನೇ ಕಲಂ ಮಾಡು ಎನ್ನುವ ಆಜ್ಞೆಗೆ, 41ನೇ ಕಲಂ ಯಾವಾಗ ಕೊಡಲೇಬಾರದು ಎಂಬುದಕ್ಕೆ. 39ನೇ ಆದೇಶದ ಚೌಕಟ್ಟಿಗೆ ಹೊಂದದ ಸಂದರ್ಭದಲ್ಲೂ ನ್ಯಾಯದ ಅಗತ್ಯ ಬಿದ್ದರೆ ನ್ಯಾಯಾಲಯ ತನ್ನ ಅಂತರ್ಗತ ಅಧಿಕಾರದಿಂದ ತಡೆಯಬಹುದು ಎಂದು 1961ರಲ್ಲಿ ಮನೋಹರ್ ಲಾಲ್ ಚೋಪ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇದೆಲ್ಲದರ ಬೇರು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದಲ್ಲಿದೆ. ಸಾಮಾನ್ಯ ಕಾನೂನಿನ ನ್ಯಾಯಾಲಯಗಳು ಹಣದ ಪರಿಹಾರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ ಚಾನ್ಸಲರ್ ಎದುರಾಳಿಯನ್ನೇ ಕರೆಸಿ ‘ಇದನ್ನು ಮಾಡಕೂಡದು’ ಎಂದು ಆಜ್ಞಾಪಿಸುತ್ತಿದ್ದ. ಕೇಳದಿದ್ದರೆ ಸೆರೆಮನೆ. ಇನ್ನೊಂದು ನ್ಯಾಯಾಲಯದಲ್ಲಿ ಗೆದ್ದ ತೀರ್ಪನ್ನೂ ಜಾರಿ ಮಾಡದಂತೆ ಚಾನ್ಸರಿ ತಡೆಯತೊಡಗಿದಾಗ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ಕೋಕ್ ಕೆರಳಿದ. 1616ರಲ್ಲಿ ದೊರೆ ಒಂದನೇ ಜೇಮ್ಸ್ ಚಾನ್ಸರಿಯ ಪರ ನಿಂತ. ಅದೇ ವರ್ಷ ಕೋಕ್ ಹುದ್ದೆ ಕಳೆದುಕೊಂಡ.

ಭಾರತದ ಯಾವ ವಕೀಲರ ಕೋಣೆಗೆ ಹೋದರೂ ಕೇಳಿಬರುವ ಮೂರು ಮಾತುಗಳಿವೆ: ಮೇಲ್ನೋಟಕ್ಕೆ ವಾದಿಯ ಕಡೆ ಹುರುಳಿದೆಯೇ, ಅನುಕೂಲ-ಅನನುಕೂಲದ ತಕ್ಕಡಿ ಯಾವ ಕಡೆ ವಾಲುತ್ತದೆ, ಆದೇಶ ಸಿಗದಿದ್ದರೆ ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ. 1991ರ ದಲ್ಪತ್ ಕುಮಾರ್ ಪ್ರಕರಣ ಇವುಗಳನ್ನು ಒಟ್ಟಿಗೆ ಹೇಳಿದ್ದರಿಂದ ಪ್ರತಿ ಅರ್ಜಿಯಲ್ಲೂ ಅದರ ಹೆಸರು ಬರುತ್ತದೆ. ಅರ್ಜಿಯ ಒಕ್ಕಣೆಯಲ್ಲಿ ಮೂರನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುವುದು ರೂಢಿ. ಅಸಲಿಗೆ ಮೂರಕ್ಕೂ ಬೇರೆ ಬೇರೆ ಕೆಲಸವಿದೆ.

ಬೆಂಗಳೂರಿನ ಒಂದು ಉಡುಪಿನ ಮಳಿಗೆಯ ವ್ಯಾಜ್ಯ ಇದನ್ನು ತೋರಿಸಿತು. ದೊಡ್ಡ ಕಂಪನಿಯೊಂದಕ್ಕೆ ಮಳಿಗೆ ನಡೆಸಿಕೊಡುವ ಒಪ್ಪಂದವಿತ್ತು. ಸ್ಥಳದವರು ಅದನ್ನು ಮುರಿದರೆಂದು ಕಂಪನಿ ದಾವೆ ಹೂಡಿತು. ಕೆಳಗಿನ ನ್ಯಾಯಾಲಯ ಕಂಪನಿಯ ಪರ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ಬೆಸ್ಟ್ ಸೆಲ್ಲರ್ಸ್ ರೀಟೇಲ್’ ಎಂದು ಹೆಸರಾದ ಈ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಕಂಪನಿಯ ವಾದದಲ್ಲಿ ಹುರುಳಿರಬಹುದು, ಆದರೆ ಮಳಿಗೆ ಕೈತಪ್ಪಿದರೆ ಆಗುವುದು ವ್ಯಾಪಾರದ ನಷ್ಟ. ಅದನ್ನು ರೂಪಾಯಿಯಲ್ಲಿ ಎಣಿಸಬಹುದು, ಕೊಡಿಸಬಹುದು. ಗೆಲ್ಲುವ ಸಾಧ್ಯತೆ ಇದ್ದ ಮಾತ್ರಕ್ಕೆ ಎದುರಾಳಿಯ ಕೈ ಕಟ್ಟಲಾಗದು.

ನಗರದ ಕಂಪನಿ ವ್ಯಾಜ್ಯಗಳಲ್ಲಿ ಈ ತರ್ಕ ಸಲೀಸಾಗಿ ನಡೆಯುತ್ತದೆ. ತಾಲ್ಲೂಕು ಕೇಂದ್ರದ ಸಿವಿಲ್ ನ್ಯಾಯಾಲಯಕ್ಕೆ ಬಂದರೆ ಲೋಕವೇ ಬೇರೆ. ಅಲ್ಲಿ ಇಂಜಂಕ್ಷನ್ ಎಂದರೆ ಬಹುಪಾಲು ಜಮೀನು. ಬದು ಒತ್ತಿದ್ದು, ಬಂಡಿದಾರಿ ಮುಚ್ಚಿದ್ದು, ಕಣದ ಜಾಗಕ್ಕೆ ಬೇಲಿ ಹಾಕಿದ್ದು, ಅಣ್ಣತಮ್ಮಂದಿರ ಪಾಲಿನಲ್ಲಿ ಬಾವಿ ಯಾರ ಕಡೆ ಬಿತ್ತು ಎನ್ನುವುದು. ಕಕ್ಷಿದಾರ ಕಂಕುಳಲ್ಲಿ ಪಹಣಿ, ಮ್ಯುಟೇಶನ್ ನಕಲು, ಕಂದಾಯದ ರಸೀದಿ ಇಟ್ಟುಕೊಂಡು ಬರುತ್ತಾನೆ. ವಕೀಲರು ‘ಬೇರ್ ಇಂಜಂಕ್ಷನ್’ ಹಾಕೋಣ ಎನ್ನುತ್ತಾರೆ. ಅಂದರೆ ಹಕ್ಕಿನ ಘೋಷಣೆ ಕೇಳದೆ, ತನ್ನ ಸ್ವಾಧೀನಕ್ಕೆ ಅಡ್ಡಿ ಮಾಡಬಾರದು ಎಂದಷ್ಟೇ ಕೇಳುವ ದಾವೆ.

ಇದಕ್ಕೆ ಕಾನೂನಿನ ಕಾರಣ ಒಂದು, ಜೇಬಿನ ಕಾರಣ ಇನ್ನೊಂದು. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯಲ್ಲಿ ಜಮೀನಿನ ಹಕ್ಕಿನ ಘೋಷಣೆಯ ಜೊತೆಗೆ ತಡೆಯಾಜ್ಞೆ ಕೇಳಿದರೆ ಆಸ್ತಿಯ ಮಾರುಕಟ್ಟೆ ಬೆಲೆಯ ಅರ್ಧದ ಮೇಲೆ ಶುಲ್ಕ ಕಟ್ಟಬೇಕು. ಬರೀ ತಡೆಯಾಜ್ಞೆಗೆ ವಾದಿಯೇ ಮೌಲ್ಯ ಹೇಳಬಹುದು, ಕನಿಷ್ಠ ಒಂದು ಸಾವಿರ ರೂಪಾಯಿ ಸಾಕು. ಅದರ ಮೇಲಿನ ಶುಲ್ಕ 25 ರೂಪಾಯಿ. ಬೆಂಗಳೂರಿನ ಹೊರವಲಯದಲ್ಲಿ ಕೋಟಿಗಟ್ಟಲೆ ಬಾಳುವ ನಿವೇಶನದ ಮೇಲೂ 25 ರೂಪಾಯಿಯ ದಾವೆ ಬೀಳುವುದು ಹೀಗೆ. ಕಾನೂನು ಕಾಲೇಜುಗಳ ಪಾಠದಲ್ಲಿ ಈ ಸಂಗತಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಸ್ವಾಧೀನವನ್ನು ಕಾನೂನು ಎಷ್ಟು ಗೌರವಿಸುತ್ತದೆ ಎಂಬುದಕ್ಕೆ ಕರ್ನಾಟಕದಿಂದಲೇ ಹೋದ ರಾಮೇಗೌಡ ಪ್ರಕರಣ ಸಾಕ್ಷಿ. ಅಕ್ಕಪಕ್ಕದ ಎರಡು ಆಸ್ತಿಗಳ ನಡುವಿನ ಜಾಗ ಯಾರದ್ದೆಂಬ ಜಗಳದಲ್ಲಿ ಎರಡೂ ಕಡೆಯವರಿಗೆ ಹಕ್ಕು ಸಾಬೀತು ಮಾಡಲಾಗಲಿಲ್ಲ. ಸ್ವಾಧೀನ ಮಾತ್ರ ವಾದಿಯದೆಂದು ಸಾಬೀತಾಯಿತು. 2003ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಷ್ಟೇ ಸಾಕು ಎಂದಿತು. ನೆಲೆಗೊಂಡ, ಯಾರೂ ಪ್ರಶ್ನಿಸದೆ ಕೆಲಕಾಲ ಮುಂದುವರಿದ ಸ್ವಾಧೀನವಿದ್ದವನನ್ನು ನಿಜವಾದ ಮಾಲೀಕನೂ ತೋಳ್ಬಲದಿಂದ ಎಬ್ಬಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಬರಬೇಕು. ನಿನ್ನೆ ರಾತ್ರಿ ಬೇಲಿ ಹಾರಿ ಗುಡಿಸಲು ಹಾಕಿದವನಿಗೆ ಈ ರಕ್ಷಣೆ ಇಲ್ಲ. ಮಾಲೀಕನ ಪರವಾಗಿ ಮನೆ ನೋಡಿಕೊಳ್ಳುತ್ತಿದ್ದ ಕಾವಲುಗಾರನಿಗಾಗಲಿ ಕೆಲಸದವನಿಗಾಗಲಿ ಎಷ್ಟು ವರ್ಷ ಇದ್ದರೂ ಇಲ್ಲ ಎಂದು 2012ರಲ್ಲಿ, ಗೋವಾದ ಒಂದು ಕುಟುಂಬದ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯ ಹೇಳಿತು. ಇನ್ನು ಹಕ್ಕಿನ ಮೇಲೇ ಗಂಭೀರ ಮೋಡ ಕವಿದಿದ್ದರೆ ಬೇರ್ ಇಂಜಂಕ್ಷನ್ ಸಾಲದು, ಘೋಷಣೆಯನ್ನೇ ಕೇಳಬೇಕು ಎಂದು 2008ರ ಅನತುಲ ಸುಧಾಕರ್ ತೀರ್ಪು ವಿವರವಾಗಿ ಹೇಳಿದೆ. ಆ ತೀರ್ಪು ಬಂದ ಮೇಲೂ 25 ರೂಪಾಯಿಯ ದಾರಿ ಜನಪ್ರಿಯವಾಗಿಯೇ ಉಳಿದಿದೆ.

ಇಲ್ಲಿ ಎಲ್ಲರೂ ಎದುರು ನೋಡುವುದು ಮೊದಲ ದಿನದ ಆದೇಶವನ್ನು. ಎದುರಾಳಿಗೆ ನೋಟಿಸು ಹೋಗುವ ಮೊದಲೇ, ವಾದಿಯ ಪ್ರಮಾಣಪತ್ರವೊಂದನ್ನೇ ನಂಬಿ ಕೊಡುವ ಏಕಪಕ್ಷೀಯ ತಡೆಯಾಜ್ಞೆ ಅದು. 39ನೇ ಆದೇಶದ 3ನೇ ನಿಯಮದ ಪ್ರಕಾರ ನೋಟಿಸು ಕೊಡುವುದೇ ನಿಯಮ, ಕೊಡದಿರುವುದು ಅಪವಾದ. ತಡವಾದರೆ ಆದೇಶದ ಉದ್ದೇಶವೇ ಹಾಳಾಗುತ್ತದೆ ಎಂದು ಕಂಡಾಗ ಮಾತ್ರ, ಅದಕ್ಕೆ ಕಾರಣ ಬರೆದು, ನ್ಯಾಯಾಧೀಶರು ನೋಟಿಸಿಲ್ಲದೆ ಮುಂದುವರಿಯಬಹುದು. ಹಾಗೆ ಕೊಟ್ಟ ಆದೇಶದ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥ ಮಾಡಲು ಯತ್ನಿಸಬೇಕು, ಆಗದಿದ್ದರೆ ಅದಕ್ಕೂ ಕಾರಣ ಬರೆಯಬೇಕು. ಕಾರಣ ಬರೆಯುವುದು ಬರೀ ಔಪಚಾರಿಕತೆಯಲ್ಲ, ಕಡ್ಡಾಯ ಎಂದು 1993ರಲ್ಲಿ ಶಿವಕುಮಾರ್ ಚಡ್ಢಾ ಪ್ರಕರಣ ಹೇಳಿತು. ದೆಹಲಿಯ ಅನಧಿಕೃತ ಕಟ್ಟಡಗಳನ್ನು ಕೆಡವದಂತೆ ಮಹಾನಗರಪಾಲಿಕೆಯ ವಿರುದ್ಧ ಸಾಲುಸಾಲಾಗಿ ತಡೆಯಾಜ್ಞೆಗಳು ಬೀಳುತ್ತಿದ್ದ ಹಿನ್ನೆಲೆ ಅದಕ್ಕಿತ್ತು.

ಎದುರಾಳಿ ಹೀಗೆ ಬರಬಹುದೆಂಬ ಗುಮಾನಿ ಇದ್ದವರು, ತಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂದು, ಮೊದಲೇ ಕೇವಿಯಟ್ ಹಾಕಿಡುತ್ತಾರೆ. 1976ರ ತಿದ್ದುಪಡಿಯಲ್ಲಿ ಬಂದ ಈ ಸೌಲಭ್ಯ 90 ದಿನ ಮಾತ್ರ ಜೀವಂತ. ಜಮೀನು ಕೊಳ್ಳುವವರು ನೋಂದಣಿಗೆ ಮೊದಲು ಕೇವಿಯಟ್ ಹಾಕುವುದು ಈಗ ಸಾಮಾನ್ಯ.

ಸುಳ್ಳು ಹೇಳಿ ತಡೆಯಾಜ್ಞೆ ತಂದವನಿಗೆ ಶಿಕ್ಷೆ ಏನು? ಇಂಗ್ಲೆಂಡಿನಲ್ಲಿ ಮಧ್ಯಂತರ ತಡೆಯಾಜ್ಞೆ ಬೇಡುವವನು, ತಾನು ಕೊನೆಗೆ ಸೋತರೆ ಎದುರಾಳಿಯ ನಷ್ಟ ತುಂಬಿಕೊಡುತ್ತೇನೆ ಎಂದು ನ್ಯಾಯಾಲಯಕ್ಕೆ ಮುಚ್ಚಳಿಕೆ ಕೊಡುವುದು ವಾಡಿಕೆ. ಕಾಯುವ ನಷ್ಟದ ಲೆಕ್ಕ ಅಲ್ಲಿ ಮೊದಲೇ ಬರೆದಿಟ್ಟಾಗಿರುತ್ತದೆ. ಇಲ್ಲಿ ಸಂಹಿತೆಯ 95ನೇ ಕಲಂ ಇದೆ. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ಪಡೆದಿದ್ದರೆ ಪ್ರತಿವಾದಿಗೆ ಹೆಚ್ಚೆಂದರೆ 50,000 ರೂಪಾಯಿ ಪರಿಹಾರ. ಶತಮಾನದ ತಿರುವಿನಲ್ಲಿ ತಿದ್ದುಪಡಿ ಆಗುವವರೆಗೆ ಈ ಮಿತಿ ಒಂದು ಸಾವಿರ ರೂಪಾಯಿ ಇತ್ತು! ಅಪಾರ್ಟ್‌ಮೆಂಟ್ ಕಾಮಗಾರಿಯೊಂದು ಮೂರು ವರ್ಷ ನಿಂತರೆ ಬ್ಯಾಂಕಿನ ಬಡ್ಡಿಯೇ ಕೋಟಿ ದಾಟುವಾಗ 50,000 ಯಾವ ಲೆಕ್ಕ? 2011ರ ರಾಮರಾಮೇಶ್ವರಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಕಪಕ್ಷೀಯ ಆದೇಶಗಳ ದುರುಪಯೋಗದ ಬಗ್ಗೆ ಕಟುವಾಗಿಯೇ ಬರೆದು, ಸೋತವನಿಂದ ನಿಜವಾದ ಖರ್ಚು ವಸೂಲಿ ಮಾಡಬೇಕು ಎಂದಿತು. ಜಿಲ್ಲಾ ಮಟ್ಟದಲ್ಲಿ ಆ ಸಲಹೆ ಅಪರೂಪಕ್ಕೆ ಜಾರಿಯಾಗುತ್ತದೆ.

ಪತ್ರಿಕೆಗಳ ವಿಷಯಕ್ಕೆ ಬಂದರೆ ಏಕಪಕ್ಷೀಯ ಆದೇಶದ ಅಪಾಯ ಇಮ್ಮಡಿಯಾಗುತ್ತದೆ. 2021ರ ಮಾರ್ಚ್‌ನಲ್ಲಿ ಕರ್ನಾಟಕದ ಆರು ಮಂದಿ ಸಚಿವರು ಒಟ್ಟಾಗಿ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ತಮ್ಮ ವಿರುದ್ಧ ಮಾನಹಾನಿಕರ ಸುದ್ದಿ ಪ್ರಕಟಿಸದಂತೆ 68 ಮಾಧ್ಯಮ ಸಂಸ್ಥೆಗಳ ಮೇಲೆ ತಾತ್ಕಾಲಿಕ ತಡೆಯಾಜ್ಞೆ ತಂದರು. ಇನ್ನೂ ಯಾರೂ ಪ್ರಕಟಿಸದ ಸುದ್ದಿಗೆ ಮುಂಚಿತವಾಗಿಯೇ ಬೀಗ. ಮಾನಹಾನಿಗೆ ಆಮೇಲೆ ಪರಿಹಾರ ಕೊಡಿಸಬಹುದು, ಜನರಿಗೆ ತಿಳಿಯಬೇಕಾದ ಸುದ್ದಿ ಹೊತ್ತು ಮೀರಿದರೆ ಅದಕ್ಕೆ ಪರಿಹಾರವೇ ಇಲ್ಲ. ಇಂಗ್ಲೆಂಡಿನ ನ್ಯಾಯಾಲಯ 1891ರಷ್ಟು ಹಿಂದೆಯೇ, ಬೊನಾರ್ಡ್ ಮೊಕದ್ದಮೆಯಲ್ಲಿ, ಬರೆದದ್ದು ಸುಳ್ಳೆಂದು ಖಚಿತವಾಗಿ ಕಾಣದ ಹೊರತು ವಿಚಾರಣೆಗೆ ಮೊದಲು ಪ್ರಕಟಣೆ ತಡೆಯುವುದಿಲ್ಲ ಎಂದಿತ್ತು. ನಮ್ಮ ಸುಪ್ರೀಂ ಕೋರ್ಟ್ 2024ರ ಮಾರ್ಚ್ 22ರಂದು ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. ಜೀ ಸಂಸ್ಥೆಯ ಬಗ್ಗೆ ಬಂದ ಲೇಖನವನ್ನು ತೆಗೆದುಹಾಕಿಸಿದ್ದ ದೆಹಲಿಯ ಕೆಳ ನ್ಯಾಯಾಲಯದ ಆದೇಶ ರದ್ದಾಯಿತು. ಮೂರು ಸೂತ್ರಗಳನ್ನು ಯಾಂತ್ರಿಕವಾಗಿ ಪಠಿಸಿದರೆ ಸಾಲದು, ಈ ಪ್ರಕರಣಕ್ಕೆ ಅವು ಹೇಗೆ ಹೊಂದುತ್ತವೆಂದು ಬರೆಯಬೇಕು, ಮಾಧ್ಯಮದ ಮೇಲಿನ ಏಕಪಕ್ಷೀಯ ತಡೆ ತೀರಾ ಅಪರೂಪವಾಗಿರಬೇಕು ಎಂಬುದು ಅದರ ಸಾರ.

ತಡೆಯುವುದಕ್ಕಿಂತ ಮಾಡಿಸುವುದು ಕಷ್ಟ. ‘ಗೋಡೆ ಕಟ್ಟಬೇಡ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ‘ನೆರೆಯವನ ನೆಲ ಕುಸಿಯದಂತೆ ಮಾಡು’ ಎಂದರೆ? ಇಂಗ್ಲೆಂಡಿನ ರೆಡ್‌ಲ್ಯಾಂಡ್ ಬ್ರಿಕ್ಸ್ ಎಂಬ ಇಟ್ಟಿಗೆ ಕಂಪನಿ ಜೇಡಿಮಣ್ಣು ತೆಗೆದು ತೆಗೆದು ಪಕ್ಕದ ತರಕಾರಿ ತೋಟದ ನೆಲ ಜಾರತೊಡಗಿತು. ಆರು ತಿಂಗಳೊಳಗೆ ತೋಟಕ್ಕೆ ಆಸರೆ ಒದಗಿಸಲು ಬೇಕಾದ್ದನ್ನೆಲ್ಲ ಮಾಡಿ ಎಂದು ಕೆಳ ನ್ಯಾಯಾಲಯ ಆಜ್ಞಾಪಿಸಿತು. ಆ ಕೆಲಸಕ್ಕೆ 30,000 ಪೌಂಡಿಗೂ ಹೆಚ್ಚು ಬೇಕಿತ್ತು, ಇಡೀ ತೋಟದ ಬೆಲೆ 12,000 ಪೌಂಡಿನ ಆಸುಪಾಸು. 1969ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ಆದೇಶವನ್ನು ಕಿತ್ತುಹಾಕಿತು. ಖರ್ಚು ಮಾತ್ರ ಕಾರಣವಲ್ಲ. ಏನು ಮಾಡಬೇಕೆಂದು ಆದೇಶದಲ್ಲಿ ಸ್ಪಷ್ಟವಾಗಿರಲಿಲ್ಲ. ಪಾಲಿಸದಿದ್ದರೆ ಜೈಲಿಗೆ ಕಳಿಸಬಲ್ಲ ಆಜ್ಞೆಯಲ್ಲಿ ‘ಬೇಕಾದ್ದನ್ನೆಲ್ಲ’ ಎಂಬ ಪದಕ್ಕೆ ಜಾಗವಿಲ್ಲ.

ನಮ್ಮಲ್ಲಿ ನಿರ್ದಿಷ್ಟ ಪರಿಹಾರ ಅಧಿನಿಯಮದ 39ನೇ ಕಲಂ ಇದೇ ಎಚ್ಚರ ವಹಿಸುತ್ತದೆ. ಪ್ರತಿವಾದಿ ಪಾಲಿಸಬೇಕಾದ ಬಾಧ್ಯತೆ ಇರಬೇಕು, ಅದಕ್ಕಾಗಿ ಮಾಡಬೇಕಾದ ಕೆಲಸ ನ್ಯಾಯಾಲಯ ಮಾಡಿಸಬಲ್ಲಂಥದ್ದಾಗಿರಬೇಕು. ದಾವೆ ಮುಗಿಯುವ ಮೊದಲೇ ಹಾಗೆ ಆಜ್ಞಾಪಿಸುವುದಾದರೆ ಮೇಲ್ನೋಟದ ಹುರುಳು ಸಾಲದು, ಅದಕ್ಕಿಂತ ಗಟ್ಟಿಯಾದ ಪ್ರಕರಣ ಬೇಕು ಎಂದು 1990ರಲ್ಲಿ ದೊರಾಬ್ ಕಾವಸ್‌ಜಿ ವಾರ್ಡನ್ ತೀರ್ಪು ಹೇಳಿತು. ಒಂದು ಕುಟುಂಬದ ವಾಸದ ಮನೆಯ ಅವಿಭಕ್ತ ಪಾಲನ್ನು ಹೊರಗಿನವರು ಕೊಂಡು ಒಳಗೆ ಬಂದು ಕೂತಿದ್ದರು. ಅವರನ್ನು ಹೊರಗಿಟ್ಟ ಮಧ್ಯಂತರ ಆದೇಶವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಜಗಳಕ್ಕೆ ಮೊದಲು ಇದ್ದ ಸ್ಥಿತಿಯನ್ನು ಮರಳಿ ತರುವುದಕ್ಕೆ ಮಾತ್ರ ಇಂಥ ಆಜ್ಞೆ, ಹೊಸ ಸ್ಥಿತಿ ಹುಟ್ಟಿಸುವುದಕ್ಕಲ್ಲ.

ಮಾಡಿಸುವ ಆಜ್ಞೆಯ ಕಷ್ಟ ಕನ್ನಡಿಗರಿಗೆ ಪುಸ್ತಕ ಓದದೆಯೂ ಗೊತ್ತು. ಕಾವೇರಿ ವಿಷಯದ ಆದೇಶಗಳು ಸಿವಿಲ್ ನ್ಯಾಯಾಲಯದ ಇಂಜಂಕ್ಷನ್ ಅಲ್ಲ, ಅಂತರರಾಜ್ಯ ವಿವಾದದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟವು. ಸ್ವಭಾವ ಮಾತ್ರ ಅದೇ. 2016ರ ಸೆಪ್ಟೆಂಬರ್ 5ರಂದು, ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಿ ಎಂದಿತು ನ್ಯಾಯಾಲಯ. ಮಂಡ್ಯ ಉರಿಯಿತು. 12ರಂದು ಅದು 12,000ಕ್ಕೆ ಇಳಿಯಿತು, ಅವಧಿ 20ರವರೆಗೆ ಚಾಚಿತು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟುಹೋದವು. ಆಮೇಲೆ 6,000 ಕ್ಯುಸೆಕ್. ವಿಧಾನಮಂಡಲ ಸೇರಿ, ಇರುವ ನೀರು ಕುಡಿಯಲಿಕ್ಕೆ ಮಾತ್ರ ಎಂದು ನಿರ್ಣಯ ಮಾಡಿತು. ಮಳೆ ಎಷ್ಟು ಬಂತು, ಕೃಷ್ಣರಾಜಸಾಗರದಲ್ಲಿ ಎಷ್ಟಿದೆ, ಬಿಳಿಗುಂಡ್ಲುವಿನ ಮಾಪನದಲ್ಲಿ ಎಷ್ಟು ಹಾದುಹೋಯಿತು ಎಂಬ ಲೆಕ್ಕ ದಿನದಿನಕ್ಕೂ ಬದಲಾಗುತ್ತಿದ್ದಾಗ, ವಾರಕ್ಕೊಮ್ಮೆ ಕೂರುವ ಪೀಠ ತೂಬಿನ ಕೀಲಿ ತಿರುಗಿಸುವ ಕೆಲಸಕ್ಕೆ ಇಳಿದಿತ್ತು. 2018ರ ಫೆಬ್ರುವರಿ 16ರ ಅಂತಿಮ ತೀರ್ಪು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ಸೇರಿಸಿ, ಸಾಮಾನ್ಯ ವರ್ಷದಲ್ಲಿ ಬಿಡಬೇಕಾದ ಪ್ರಮಾಣವನ್ನು 177.25 ಟಿಎಂಸಿ ಅಡಿಗೆ ನಿಗದಿ ಮಾಡಿತು. ಆ ವರ್ಷದ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಪ್ರಾಧಿಕಾರದ ಆದೇಶಗಳ ಮೇಲೂ ಜಗಳ ನಿಂತಿಲ್ಲ, ಆದರೆ ದಿನದ ಲೆಕ್ಕ ನೋಡುವ ಹೊಣೆ ಎಂಜಿನಿಯರುಗಳಿರುವ ಸಂಸ್ಥೆಗೆ ಹೋಯಿತು.

ಮನುಷ್ಯರಿಂದ ಕೆಲಸ ಮಾಡಿಸುವುದಂತೂ ನ್ಯಾಯಾಲಯ ಕೈಹಾಕಲು ಒಲ್ಲದ ಕ್ಷೇತ್ರ. ಇದಕ್ಕೆ ಹೆಸರಾದ ಉದಾಹರಣೆ ಜರ್ಮನಿಯ ಗಾಯಕಿ ಯೊಹಾನಾ ವಾಗ್ನರ್, ಸಂಗೀತಗಾರ ರಿಚರ್ಡ್ ವಾಗ್ನರ್ ಕುಟುಂಬದವಳು. 1852ರಲ್ಲಿ ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ಮೂರು ತಿಂಗಳು, ವಾರಕ್ಕೆ ಎರಡು ಸಲ ಹಾಡುವುದಾಗಿ, ಬೇರೆಲ್ಲೂ ಹಾಡುವುದಿಲ್ಲವೆಂದು ಆಕೆಯ ಒಪ್ಪಂದವಾಗಿತ್ತು. ಕೋವೆಂಟ್ ಗಾರ್ಡನ್ನಿನವರು ಹೆಚ್ಚು ಹಣ ತೋರಿಸಿದರು. ಆಕೆಯನ್ನು ಹಾಡುವಂತೆ ಬಲವಂತ ಮಾಡಲಾಗದು, ಮನಸ್ಸಿಲ್ಲದ ಕಂಠದಿಂದ ಎಂಥ ಹಾಡು ಬರುತ್ತದೆಂದು ಯಾವ ನ್ಯಾಯಾಧೀಶ ಅಳೆಯಬಲ್ಲ? ಆದರೆ ಬೇರೆಡೆ ಹಾಡದಂತೆ ತಡೆಯಬಹುದು ಎಂದ ಲಾರ್ಡ್ ಚಾನ್ಸಲರ್. 1877ರ ಭಾರತೀಯ ನಿರ್ದಿಷ್ಟ ಪರಿಹಾರ ಕಾಯ್ದೆ ಈ ಕಥೆಯನ್ನೇ ಹೆಸರು ತೆಗೆದು ಉದಾಹರಣೆಯಾಗಿ ಸೇರಿಸಿಕೊಂಡಿತ್ತು. 1963ರ ಕಾಯ್ದೆಯಲ್ಲಿ ಉದಾಹರಣೆಗಳು ಹೋದವು, ತತ್ವ 42ನೇ ಕಲಂನಲ್ಲಿ ಉಳಿಯಿತು.

ಆ ತತ್ವ ಟಯರ್ ದಾರದ ಕಾರ್ಖಾನೆಗೂ ಬಂತು. ಸೆಂಚುರಿ ಕಂಪನಿಯಲ್ಲಿ ಐದು ವರ್ಷದ ಕರಾರಿಗೆ ಸೇರಿ ತರಬೇತಿ ಪಡೆದ ಉದ್ಯೋಗಿಯೊಬ್ಬರು ನಡುವೆಯೇ ಬಿಟ್ಟು, ಹೆಚ್ಚು ಸಂಬಳಕ್ಕೆ ಕೋಟಾದ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದರು. ಕರಾರಿನ ಉಳಿದ ಅವಧಿಗೆ ಅದೇ ಬಗೆಯ ಕೆಲಸ ಬೇರೆಡೆ ಮಾಡಬಾರದು ಎಂಬ ತಡೆಯನ್ನು 1967ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಒಪ್ಪಂದದ ಅವಧಿ ಮುಗಿದ ಮೇಲಿನ ಬೇಡಿಗೆ ಮಾತ್ರ ಅದು ಒಪ್ಪುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಅವರ ವಿರುದ್ಧ ಪ್ರಚಾರ ನಿರ್ವಹಣೆಯ ಸಂಸ್ಥೆಯೊಂದು ಹೋದಾಗ, ಅವಧಿಯ ನಂತರವೂ ಕಟ್ಟಿಹಾಕುವ ಷರತ್ತು ಒಪ್ಪಂದ ಕಾಯ್ದೆಯ 27ನೇ ಕಲಂಗೆ ವಿರುದ್ಧ ಎಂದು 2006ರಲ್ಲಿ ಹೇಳಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ನೇಮಕಾತಿ ಪತ್ರದಲ್ಲಿ ‘ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿಯನ್ನು ಸೇರುವಂತಿಲ್ಲ’ ಎಂಬ ಸಾಲು ಕಂಡು ನಿದ್ದೆಗೆಡುವ ಹುಡುಗ ಹುಡುಗಿಯರಿಗೆ ಈ ತೀರ್ಪು ಗೊತ್ತಿರುವುದು ಒಳ್ಳೆಯದು. ಕಂಪನಿಯ ಗುಟ್ಟನ್ನು ಹೊತ್ತೊಯ್ಯುವುದು ಬೇರೆ ಮಾತು, ಅದನ್ನು ತಡೆಯಬಹುದು.

ತಡೆಯಾಜ್ಞೆ ಕೊಡಲೇಬಾರದ ಸಂದರ್ಭಗಳ ಪಟ್ಟಿ ನಿರ್ದಿಷ್ಟ ಪರಿಹಾರ ಅಧಿನಿಯಮದ 41ನೇ ಕಲಂನಲ್ಲಿದೆ. ಮೇಲಿನ ಅಥವಾ ಸಮಾನ ದರ್ಜೆಯ ನ್ಯಾಯಾಲಯಕ್ಕೆ ಹೋಗದಂತೆ ಯಾರನ್ನೂ ತಡೆಯಲಾಗದು. ಕ್ರಿಮಿನಲ್ ದೂರು ಕೊಡದಂತೆಯೂ ತಡೆಯಲಾಗದು. ಶಾಸನಸಭೆಗೆ ಅರ್ಜಿ ಹಾಕುವುದನ್ನು ನಿಲ್ಲಿಸಲಾಗದು. ಬೇರೆ ಸಮರ್ಥ ಪರಿಹಾರ ಇದ್ದರೆ, ಸುಮ್ಮನೆ ನೋಡಿಕೊಂಡು ಕೂತು ಆಮೇಲೆ ಎದ್ದು ಬಂದರೆ, ವಾದಿಯ ಕೈಯೇ ಶುದ್ಧವಿಲ್ಲದಿದ್ದರೆ ಸಿಗದು. 2018ರ ತಿದ್ದುಪಡಿ ಇದಕ್ಕೆ ಹೊಸದೊಂದನ್ನು ಸೇರಿಸಿತು: ರಸ್ತೆ, ವಿದ್ಯುತ್, ನೀರು, ಸಂಪರ್ಕದಂಥ ಮೂಲಸೌಕರ್ಯ ಯೋಜನೆಗೆ ಅಡ್ಡಿ ಅಥವಾ ವಿಳಂಬ ಆಗುವಂತಿದ್ದರೆ ತಡೆಯಾಜ್ಞೆ ಇಲ್ಲ. ರಿಟ್ ಅರ್ಜಿ ಕೇಳುವ ಹೈಕೋರ್ಟುಗಳೂ ಇದನ್ನು ನೆನಪಿನಲ್ಲಿಡಬೇಕು ಎಂದು 2022ರಲ್ಲಿ ಜಾರ್ಖಂಡಿನ ರಸ್ತೆ ಟೆಂಡರ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಶಾಸಕಾಂಗ ತಕ್ಕಡಿಯನ್ನು ನ್ಯಾಯಾಧೀಶರ ಕೈಯಿಂದ ಕಸಿದುಕೊಂಡು, ಕಾಯುವ ನಷ್ಟವನ್ನು ಒಂದೇ ಸಲಕ್ಕೆ ಟೆಂಡರ್ ಸೋತವನ ತಲೆಗೂ ಒಪ್ಪಂದ ಮುರಿಸಿಕೊಂಡವನ ತಲೆಗೂ ಹಾಕಿದೆ. ಯೋಜನೆ ಬೇಗ ಮುಗಿಯಬೇಕೆಂಬ ಆಸೆ ಸರಿ. ತಪ್ಪು ಟೆಂಡರ್ ಆಗಿದ್ದರೆ ಅದನ್ನು ಹಿಡಿಯುವ ಗಳಿಗೆಯೂ ಕೈಜಾರುತ್ತದೆ ಎಂಬುದನ್ನು ತಿದ್ದುಪಡಿ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ತಡೆಯಾಜ್ಞೆಗೂ ಪರಿಹಾರದ ಹಣಕ್ಕೂ ನಡುವೆ ಆಯ್ಕೆ ಎದುರಾದಾಗ ನ್ಯಾಯಾಧೀಶರೇ ಎರಡಾಗುವುದುಂಟು. ಇಂಗ್ಲೆಂಡಿನ ಲಿಂಟ್ಜ್ ಎಂಬ ಹಳ್ಳಿಯ ಮೈದಾನದಲ್ಲಿ ಎಪ್ಪತ್ತು ವರ್ಷಗಳಿಂದ ಕ್ರಿಕೆಟ್ ನಡೆಯುತ್ತಿತ್ತು. ಅಂಚಿಗೆ ಹೊಸ ಮನೆಗಳೆದ್ದವು, ಚೆಂಡು ಅಂಗಳಕ್ಕೆ ಬೀಳತೊಡಗಿತು. ಕೆಳ ನ್ಯಾಯಾಲಯ ಆಟ ನಿಲ್ಲಿಸಿತು. 1977ರಲ್ಲಿ ಲಾರ್ಡ್ ಡೆನಿಂಗ್ ಇದ್ದ ಪೀಠ ಬಹುಮತದಿಂದ ತಡೆ ತೆಗೆದು ಮನೆಯವರಿಗೆ 400 ಪೌಂಡ್ ಕೊಡಿಸಿತು. ಡೆನಿಂಗ್ ಬರೆದ ಆ ತೀರ್ಪಿನ ಗದ್ಯ ಸೊಗಸಾಗಿದೆ. ಕಾನೂನಾಗಿ ಅದರ ತರ್ಕ ಅಷ್ಟು ಗಟ್ಟಿಯಿಲ್ಲ.

ಇಷ್ಟಾದ ಮೇಲೂ ಆದೇಶ ಪಾಲಿಸದಿದ್ದರೆ? 39ನೇ ಆದೇಶದ 2ಎ ನಿಯಮದಡಿ ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಸೆರೆಯಲ್ಲಿಡಬಹುದು. ಆದರೆ ಉಲ್ಲಂಘನೆಯನ್ನೂ ಸಾಕ್ಷಿ ಕೊಟ್ಟೇ ಸಾಬೀತು ಮಾಡಬೇಕು. ‘ಯಥಾಸ್ಥಿತಿ ಕಾಪಾಡಿ’ ಎಂದಷ್ಟೇ ಬರೆದ ಆದೇಶದಲ್ಲಿ ಅದು ಇನ್ನೂ ಕಷ್ಟ, ಏಕೆಂದರೆ ಯಥಾಸ್ಥಿತಿ ಯಾವುದೆಂದು ಇಬ್ಬರೂ ಬೇರೆ ಬೇರೆ ಹೇಳುತ್ತಾರೆ. ಯಾವ ಸ್ಥಿತಿ ಎಂದು ಬರೆಯದೆ ಹಾಗೆ ಆದೇಶಿಸುವುದನ್ನು 2006ರಲ್ಲೇ ಸುಪ್ರೀಂ ಕೋರ್ಟ್ ಆಕ್ಷೇಪಿಸಿತ್ತು. ಆದೇಶ ಕೊಟ್ಟ ನ್ಯಾಯಾಲಯಕ್ಕೆ ವ್ಯಾಪ್ತಿಯೇ ಇರಲಿಲ್ಲವೆಂದು ಆಮೇಲೆ ಗೊತ್ತಾದರೆ, ನಡುವೆ ಅದನ್ನು ಮುರಿದವನು ಪಾರಾಗುತ್ತಾನೆಯೇ? ಮುಂಬೈಯ ಹಿಂದ್ ರಬ್ಬರ್ ಪ್ರಕರಣದಲ್ಲಿ ಇದೇ ವಾದ ಬಂತು. 1997ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಆದೇಶ ಇದ್ದಷ್ಟು ದಿನ ಪಾಲಿಸಲೇಬೇಕು, ತಪ್ಪೆನಿಸಿದರೆ ಅದನ್ನು ತೆಗೆಸಲು ನ್ಯಾಯಾಲಯಕ್ಕೇ ಹೋಗಬೇಕು. ತಡೆ ಇರುವಾಗ ಕಟ್ಟಿದ ಗೋಡೆಯ ವಿಷಯದಲ್ಲೂ ನ್ಯಾಯಾಲಯಗಳು ಶಿಕ್ಷೆಯೊಂದಕ್ಕೇ ನಿಲ್ಲಬೇಕಿಲ್ಲ. ಆದೇಶ ಮುರಿದು ಗಳಿಸಿದ ಲಾಭ ಮುರಿದವನ ಕೈಯಲ್ಲಿ ಉಳಿಯಬಾರದು ಎಂದು ದೆಹಲಿಯ ಸ್ಕಿಪ್ಪರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ 1996ರಲ್ಲೇ ತೀರ್ಮಾನವಾಗಿದೆ. ಆ ಬಲದ ಮೇಲೆ ಸಂಹಿತೆಯ 151ನೇ ಕಲಂ ಅಡಿ ಪೊಲೀಸರ ನೆರವು ಕೊಟ್ಟು ಗೋಡೆ ತೆಗೆಸುವ, ಕಿತ್ತ ಬೇಲಿ ಮತ್ತೆ ಹಾಕಿಸುವ ಆದೇಶಗಳೂ ಆಗುತ್ತವೆ.